ಗರ್ದಿಯ ರಕ್ತ

ಯಮನೂರಪ್ಪ ತಳವಾರನನ್ನು ಯಾರಾದರೂ ಮೊಣಕೈಯಿಂದ ತಿವಿದು ಐನೂರ ಎಪ್ಪತ್ತೊಂದು ದಿನಗಳಾಗಿದ್ದವು. ಕೊನೆಯ ಸಲ ತಿವಿದವಳು ಹೆಂಡತಿ ಕಾಶವ್ವ. ಹುಬ್ಬಳ್ಳಿಯ ಶ್ವೇತಕಣ ಕೇಂದ್ರದವರು ಕೊಟ್ಟ ಕಾಗದಕ್ಕೆ ಸಹಿ ಹಾಕಲು ಅವನು ಪೆನ್ನು ಎತ್ತಿದಾಗ, "ಓದಿ ಹಾಕ್ರಿ. ಮದುವ್ಯಾಗೂ ಹಿಂಗ ಹಿಂದಮುಂದ ನೋಡ್ಲಾರದ ತಲಿ ಬಗ್ಗಿಸಿದ್ರಿ" ಎಂದು ಪಕ್ಕೆಗೆ ಒಂದು ಕೊಟ್ಟಿದ್ದಳು. ಅವನು ನಕ್ಕು ಓದದೆಯೇ ಸಹಿ ಹಾಕಿದ. ಓದಿದ್ದರೂ ಹಾಕುತ್ತಿದ್ದ, ಬೆಟಗೇರಿಯ ಮನೆಯಲ್ಲಿ ಕೆಲಸವಿಲ್ಲದೆ ಕೂತು ಕೂತು ಅವನಿಗೆ ತನ್ನ ಮೇಲೇ ಬೇಸರ ಬಂದಿತ್ತು.

ಈಗ ಅವನಿರುವುದು ಗಾಜಿನ ಗೋಡೆಯ ಒಂದು ಕೋಣೆಯಲ್ಲಿ. ಒಳಗಿನ ಗಾಳಿ ನಾಲ್ಕು ಜರಡಿ ದಾಟಿ ಬರುತ್ತದೆ. ಅನ್ನ ಎರಡೆರಡು ಸಲ ಕುದಿದು, ರುಚಿ ಸತ್ತ ಮೇಲೆ ಬರುತ್ತದೆ. ಗೋಡೆಯಲ್ಲೊಂದು ಕಿಂಡಿ, ಕಿಂಡಿಗೆ ಎರಡು ಬಾಗಿಲು, ಒಂದು ತೆರೆದಿದ್ದಾಗ ಇನ್ನೊಂದು ತೆರೆಯುವುದಿಲ್ಲ. ಗೋಡೆಗೇ ಅಂಟಿಸಿದ ಎರಡು ಉದ್ದ ರಬ್ಬರ್ ಕೈಗವಸುಗಳಿವೆ. ಹೊರಗೆ ನಿಂತವರು ಅವುಗಳೊಳಗೆ ಕೈ ತೂರಿಸಿ ಅವನ ತೋಳಿಗೆ ಸೂಜಿ ಚುಚ್ಚುತ್ತಾರೆ. ವಾರಕ್ಕೊಮ್ಮೆ ಅವನ ರಕ್ತ ಒಂದು ತೋಳಿನಿಂದ ಯಂತ್ರಕ್ಕೆ ಹೋಗಿ, ಬಿಳಿಕಣಗಳನ್ನು ಅಲ್ಲಿ ಬಿಟ್ಟು, ಇನ್ನೊಂದು ತೋಳಿನಿಂದ ವಾಪಸು ಬರುತ್ತದೆ. ಆ ಎರಡೂವರೆ ತಾಸು ಅವನು ಮಲಗಿಕೊಂಡು ಗದಗ, ಹುಲಕೋಟಿ, ಅಣ್ಣಿಗೇರಿ, ನಲವಡಿ ಎಂದು ಹಳೆಯ ಸ್ಟಾಪುಗಳನ್ನು ಮನಸ್ಸಿನಲ್ಲೇ ಕೂಗುತ್ತಾನೆ. ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ.

ಕಂಡಕ್ಟರ್ ಎಂಬ ಜಾತಿಯೇ ನಾಡಿನಲ್ಲಿ ಉಳಿದಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮೂರನೇ ಜ್ವರ ಬಂದು ಹೋದ ಮೇಲೆ ಜನ ಜನರಿಗೇ ಹೆದರಿದರು. ಹೆದರಿಕೆ ಮೊದಲು ಬಾಯಿಗೆ ಬಟ್ಟೆಯಾಯಿತು, ಆಮೇಲೆ ಕಾಯಿದೆಯಾಯಿತು, ಕೊನೆಗೆ ರೂಢಿಯಾಗಿ ಕೂತುಬಿಟ್ಟಿತು. ಎರಡು ತೋಳಿನ ಅಳತೆಯೊಳಗೆ ಮನೆಯವರಲ್ಲದ ಇಬ್ಬರು ನಿಲ್ಲಬಾರದು. ಮದುವೆಗಳು ಪರದೆಯ ಮೇಲೆ ನಡೆದವು. ಬಸ್ಸಿನಲ್ಲಿ ಸೀಟಿಗೊಂದು ಗಾಜಿನ ಗೂಡು ಬಂತು. ಬಸ್ಸು ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ, ಪಕ್ಕದ ಗೂಡಿನಲ್ಲಿ ಯಾರಿದ್ದಾರೆಂದು ಇಳಿಯುವ ತನಕ ಗೊತ್ತಾಗುವುದಿಲ್ಲ. ನೆಗಡಿ, ಕೆಮ್ಮು, ಜ್ವರ ನಾಡು ಬಿಟ್ಟು ಹೋದವು. ಸರಕಾರ ಬೆನ್ನು ತಟ್ಟಿಕೊಂಡಿತು.

ಹತ್ತು ವರ್ಷ ಕಳೆಯುವುದರೊಳಗೆ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರ ಮೈಯಲ್ಲಿ ಕ್ಯಾನ್ಸರ್ ಗಡ್ಡೆಗಳು ಕಾಣಿಸತೊಡಗಿದವು. ಔಷಧಿಗೆ ಕುಗ್ಗುತ್ತಿದ್ದವು, ಮತ್ತೆ ಬೆಳೆಯುತ್ತಿದ್ದವು. ಅವರ ಬಿಳಿರಕ್ತಕಣಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ, ಅವು ಕ್ಯಾನ್ಸರ್ ಕಣದ ಪಕ್ಕದಲ್ಲೇ ಹಾದು, ಏನೂ ಕಾಣದವರಂತೆ ಮುಂದೆ ಹೋಗುತ್ತಿದ್ದವು. ಆಗ ಊರೂರಿನಲ್ಲಿ ಹಳಬರ ರಕ್ತ ತಪಾಸಣೆ ನಡೆಯಿತು. ಇಡೀ ನಾಡಿನಲ್ಲಿ ಹದಿನಾಲ್ಕು ಮಂದಿಯ ಬಿಳಿಕಣ ಮಾತ್ರ ಕ್ಯಾನ್ಸರನ್ನು ಕಂಡಲ್ಲಿ ಹಿಡಿದು ಕೊಲ್ಲುತ್ತಿತ್ತು: ಸೂಲಗಿತ್ತಿಯರು, ಕ್ಷೌರಿಕರು, ಒಬ್ಬ ಖಾನಾವಳಿಯ ಮಾಣಿ, ಹಾಗೂ ಇಪ್ಪತ್ತಾರು ವರ್ಷ ರೋಣ–ಹುಬ್ಬಳ್ಳಿ ಗಾಡಿಯಲ್ಲಿ ಟಿಕೀಟು ಹರಿದ ಯಮನೂರಪ್ಪ. ಮಿಕ್ಕವರು ವಯಸ್ಸಾಗಿ ಒಬ್ಬೊಬ್ಬರೇ ತೀರಿಕೊಂಡರು. ಈಚೆ ಭಾಗಕ್ಕೆ ಉಳಿದವನು ಇವನೊಬ್ಬ.

ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದವಳು ರೇಷ್ಮಾ ನದಾಫ. ಹಳೇ ಹುಬ್ಬಳ್ಳಿಯ ಹುಡುಗಿ, ಇಪ್ಪತ್ತನಾಲ್ಕರ ವಯಸ್ಸು, ಕೇಂದ್ರದಲ್ಲಿ ರಕ್ತ ತೆಗೆಯುವ ಕೆಲಸ. ಗವಸಿನೊಳಗೆ ಕೈ ತೂರಿಸುವ ಮೊದಲು "ಬರ್ಲೇನ್ರಿ ಕಾಕಾ?" ಎಂದು ಕೇಳುವ ಅಭ್ಯಾಸ ಅವಳೊಬ್ಬಳಿಗೇ ಇತ್ತು. ಒಂದು ದಿನ ಅವಳು ಗಾಜಿಗೆ ಪರದೆಯೊಂದನ್ನು ಒರಗಿಸಿ ಹಿಡಿದಳು. ಬೂದು ಬಣ್ಣದ ಗುಂಡನೆಯ ಕಣಗಳು ತೆವಳುತ್ತಿದ್ದವು.

"ನೋಡ್ರಿ ಕಾಕಾ, ಇವು ನಿಮ್ಮವು. ಆ ದಪ್ಪಂದು ಕ್ಯಾನ್ಸರ್ ಕಣ. ಅದು ಹೊರಗಿಂದ ಬಂದ ಕಳ್ಳ ಅಲ್ರಿ, ನಮ್ಮ ಮೈಯಾಗ ಹುಟ್ಟಿದ್ದ. ಬಿಳಿಕಣ ಮುಟ್ಟಿ ಕೇಳಿದ್ರ, ನಾ ಮನಿಯವನ ಅಂತ ಗುರುತು ತೋರಸ್ತೈತಿ. ನಮ್ಮಂಥವರ ಬಿಳಿಕಣ ನಂಬಿ ಮುಂದ ಹೋಗ್ತಾವು. ನಿಮ್ಮವು ನಂಬೂದಿಲ್ಲ."

ಯಮನೂರಪ್ಪನಿಗೆ ನಗು ಬಂತು. "ಟಿಕೀಟ್ ತಗೀಲಾರದವ ಯಾವಾಗ್ಲೂ ಕಿಡಕಿ ಬಾಜೂ ಕುಂತು, ನಿದ್ದಿ ಬಂದವರಂಗ ಮಾಡ್ತಾನವಾ. ಹೊಸಾ ಕಂಡಕ್ಟರ ಪಾಪ ಅಂತ ಬಿಟ್ಟು ಹೊಕ್ಕಾನ. ಹಳಬ ಭುಜಾ ಹಿಡದು ಅಳ್ಳಾಡಸ್ತಾನ."

"ನಿಮ್ಮ ಕಣಕ್ಕ ಇದನ್ನ ಕಲಿಸಿದವರು ಯಾರ್ರಿ?"

"ಗರ್ದಿ ಕಲಿಸಿರಬೇಕು ತಂಗಿ. ಐವತ್ತೈದು ಸೀಟಿನ ಗಾಡ್ಯಾಗ ನೂರಾ ಹತ್ತು ಮಂದಿ. ಅವರ ಕೆಮ್ಮು, ಅವರ ಬೆವರು, ಅವರ ಟಿಕೀಟು ನನ್ನ ಬಾಯಾಗ."

ಬಾಯಲ್ಲಿ ಎಂದದ್ದು ಸುಳ್ಳಲ್ಲ. ಕಂಡಕ್ಟರನಾದವನು ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಆ ಒದ್ದೆಯಿಂದ ಟಿಕೀಟು ಬಿಡಿಸುತ್ತಾನೆ. ದಿನಕ್ಕೆ ಸಾವಿರ ಸಲ, ಇಪ್ಪತ್ತಾರು ವರ್ಷ. ಮೂರು ತಾಲ್ಲೂಕಿನ ಮಂದಿಯ ಕೈಯ ಕೊಳೆ ಆ ಹೆಬ್ಬೆರಳಿನ ಮೂಲಕ ಅವನ ಮೈಯೊಳಗೆ ಹೋಗಿತ್ತು. ಹೊಸಬರ ಪರಿಚಯ ಮಾಡಿಕೊಳ್ಳುವುದೇ ಅವನ ಬಿಳಿಕಣಗಳ ಉದ್ಯೋಗವಾಗಿತ್ತು. ಒಂದು ಪೀಳಿಗೆ ಸತ್ತರೂ ಕಲಿತ ಪಾಠ ಮುಂದಿನದಕ್ಕೆ ಹೋಗುತ್ತಿತ್ತು.

"ಗರ್ದಿ ಅಂದ್ರ ಹೆಂಗಿರ್ತೈತ್ರಿ ಕಾಕಾ?" ರೇಷ್ಮಾ ಕೇಳಿದಳು. "ನಾ ನಾಕು ವರ್ಷದಾಕಿ ಇದ್ದಾಗ ಒಮ್ಮೆ ಅವ್ವನ ತೊಡಿಮ್ಯಾಲ ಕುಂತು ಹೋಗಿದ್ದೆನಂತ. ನೆನಪಿಲ್ಲ."

ಅವನು ಹೇಳಲು ಹೋದ. ಬಾಗಿಲಲ್ಲಿ ಜೋತವರು, ಯಾರದೋ ಬುಟ್ಟಿಯ ಮೆಂತ್ಯೆ ಪಲ್ಲೆ, ಯಾರದೋ ತಲೆ ಯಾರದೋ ಭುಜದ ಮೇಲೆ. ಅಷ್ಟು ವರ್ಷ ಆ ಗರ್ದಿಯನ್ನು ಅವನು ಬಾಯಿ ತುಂಬ ಬೈದಿದ್ದ. ಅದು ತನ್ನನ್ನು ಹಿಡಿದು ನಿಲ್ಲಿಸಿತ್ತೆಂದು ಈಗ ಗೊತ್ತಾಗಿ ಸಂಕಟವಾಯಿತು.

ಗಾಜಿನ ಕೋಣೆ ಡಾಕ್ಟರ್ ಜಯತೀರ್ಥ ಗಲಗಲಿಯವರ ಬುದ್ಧಿ. ಕೇಂದ್ರದ ಮುಖ್ಯಸ್ಥರು, ಒಳ್ಳೆಯ ಮನುಷ್ಯ, ಆದರೆ ಮಡಿವಂತರ ಮನೆತನ. ಅವರ ಅಜ್ಜಿ ಒದ್ದೆ ಸೀರೆಯುಟ್ಟು ಅಡುಗೆಮನೆ ಹೊಕ್ಕರೆ ಮೊಮ್ಮಗನ ನೆರಳೂ ಒಲೆಯ ಮೇಲೆ ಬೀಳಬಾರದಿತ್ತಂತೆ. ಮೊಮ್ಮಗ ಜನಿವಾರ ಬಿಟ್ಟರು, ಮಡಿ ಬಿಡಲಿಲ್ಲ. ಅದನ್ನು ಪ್ರಯೋಗಾಲಯಕ್ಕೆ ತಂದರು. ಇಷ್ಟು ಬೆಲೆಯುಳ್ಳ ರಕ್ತವನ್ನು ಯಾವ ಕ್ಷುದ್ರ ನೆಗಡಿಯೂ ಮೈಲಿಗೆ ಮಾಡಬಾರದು, ಬಿಳಿಕಣಗಳ ಗಮನವೆಲ್ಲ ಕ್ಯಾನ್ಸರಿನ ಮೇಲೇ ಇರಬೇಕು ಎಂಬುದು ಅವರ ಸಿದ್ಧಾಂತ. ಮೊದಲು ನಲವತ್ತು ದಿನವೆಂದಿದ್ದ ವಾಸ ಆಮೇಲೆ ಕಾಯಮ್ಮಾಯಿತು.

ಕೋಣೆಯ ಹೊರಗಿನ ಗೋಡೆಯಲ್ಲಿ ಸಣ್ಣ ದೀಪಗಳ ಸಾಲಿತ್ತು. ಒಬ್ಬ ರೋಗಿಗೆ ಇವನ ಬಿಳಿಕಣ ಏರಿಸಿದಾಗ ಒಂದು ದೀಪ ಕೆಂಪಗೆ ಹತ್ತುತ್ತದೆ; ಗಡ್ಡೆ ಕರಗಿದರೆ ಹಸಿರಾಗುತ್ತದೆ. ಹೆಸರು ಹೇಳುವಂತಿಲ್ಲ. ಮೊದಲ ವರ್ಷ ಏಳು ದೀಪ ಬೇಗ ಬೇಗ ಹಸಿರಾದವು. ಎಂಟನೆಯದಕ್ಕೆ ಎರಡು ತಿಂಗಳು ಹಿಡಿಯಿತು, ಒಂಬತ್ತನೆಯದಕ್ಕೆ ನಾಲ್ಕು. ಹತ್ತನೆಯದು ಕೆಂಪಾಗಿಯೇ ಉಳಿದಿತ್ತು.

ದಿನಾ ಸಂಜೆ ಐದಕ್ಕೆ ಪರದೆಯ ಮೇಲೆ ಕಾಶವ್ವ ಬರುತ್ತಿದ್ದಳು. ಒಲೆಯ ಪಕ್ಕದಲ್ಲಿ ಫೋನು ಒರಗಿಸಿ ರೊಟ್ಟಿ ಬಡಿಯುತ್ತಲೇ ಮಾತು.

"ಏನ್ ಉಂಡ್ರಿ?"

"ಅನ್ನ. ಮತ್ತ ನೀರಿನಂಥಾದ್ದು ಏನೋ."

"ಮೈ ಹೆಂಗೈತಿ?"

"ಮೈಗೇನ್ ಆಗೂದು? ಆಗಾಕ ಏನರ ಒಳಗ ಬಂದ್ರ ತಾನ."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆಮೇಲೆ ರೊಟ್ಟಿ ಬಡಿಯುವ ಸದ್ದು. ಅದನ್ನು ಕೇಳುತ್ತಾ ಅವನು ಕೂತಿರುತ್ತಿದ್ದ. ಒಂದು ಸಂಜೆ ಅವಳೇ ಅಂದಳು: "ಗಾಡಿಮ್ಯಾಲ ಇದ್ದಾಗ ರಾತ್ರಿ ವಸ್ತಿ ಅಂತ ಹೊರಗ ಇದ್ರಿ. ರಿಟೈರ್ ಆದಮ್ಯಾಲ ಮನ್ಯಾಗ ಇದ್ರೂ ಮನಸ್ಸು ಗಾಡ್ಯಾಗ ಇತ್ತು. ಈಗ ಗಾಜಿನ್ಯಾಗ ಅದೀರಿ. ನನಗ ರೂಢಿ ಐತಿ ಬಿಡ್ರಿ." ಕೋಪದಿಂದ ಹೇಳಿದ್ದಲ್ಲ. ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು. "ಟ್ರಂಕಿನ್ಯಾಗ ಹಳೀ ಟಿಕೀಟಿನ ಕಟ್ಟು ಐತಲ್ಲ, ಅದನ್ನ ಕಳಸು" ಎಂದ.

ಕಟ್ಟು ರೇಷ್ಮಾಳ ಕೈಗೆ ಬಂತು. ನಿಯಮದ ಪ್ರಕಾರ ಅದನ್ನು ಬಿಸಿ ಹಬೆಯಲ್ಲಿ ಒಂದು ತಾಸು ಇಡಬೇಕು. ತೆಳ್ಳನೆಯ ಹಳೇ ಕಾಗದ. ಹಬೆ ಹಾಕಿದರೆ ಮುದ್ದೆಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗೇ ಕಿಂಡಿಯಲ್ಲಿಟ್ಟಳು. ಯಮನೂರಪ್ಪ ಕಟ್ಟನ್ನು ಎಡಗೈಯಲ್ಲಿ ಹಿಡಿದ. ಟ್ರಂಕಿನ ಧೂಳು, ಜಿರಳೆಯ ವಾಸನೆ, ಕಾಶವ್ವನ ಕೈಯ ಹಿಟ್ಟು ಅದಕ್ಕೆ ಹತ್ತಿತ್ತು. ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಯಿತು. "ಹುಲಕೋಟಿ, ಅಣ್ಣಿಗೇರಿ, ಯಾರ್ರೀ ಟಿಕೀಟ್?" ಎಂದು ಒಂದೊಂದೇ ಎಣಿಸಿದ. ರೇಷ್ಮಾ ಗಾಜಿನಾಚೆ ಬಿದ್ದು ಬಿದ್ದು ನಕ್ಕಳು.

"ನನಗೊಂದು ಕೊಡ್ರಿ ಕಾಕಾ, ಹುಬ್ಬಳ್ಳಿಯಿಂದ ಗದಗಕ್ಕ."

"ಗಾಡಿ ಬರ್ಲಿ ತಡಿ. ಗಾಡಿ ಇಲ್ಲದ ಟಿಕೀಟ್ ಕೊಟ್ರ ನನ್ನ ನೌಕರಿ ಹೊಕ್ಕೈತಿ. ನಿನ್ನದೊಂದು ಇಟ್ಟಿರ್ತೀನಿ."

ಮರುದಿನ ಕ್ಯಾಮೆರಾ ನೋಡಿದ ಗಲಗಲಿಯವರು ಬೆವತುಹೋದರು. ಕಟ್ಟು ಜಪ್ತಾಯಿತು. ರೇಷ್ಮಾಳನ್ನು ಆ ವಾರ್ಡಿನಿಂದಲೇ ತೆಗೆದರು. ಅವಳ ಜಾಗಕ್ಕೆ ಬಂದ ಹುಡುಗ ಸೂಜಿ ಚುಚ್ಚುವಾಗಲೂ ಮಾತಾಡುತ್ತಿರಲಿಲ್ಲ. ಆ ವಾರ ತೆಗೆದ ರಕ್ತವನ್ನು ಚೆಲ್ಲಬೇಕೆಂದಿದ್ದರು. ರೋಗಿಯ ಸ್ಥಿತಿ ಕೆಟ್ಟಿದ್ದರಿಂದ ಹೆದರುತ್ತಲೇ ಏರಿಸಿದರು. ಒಂಬತ್ತೇ ದಿನಕ್ಕೆ ಹತ್ತನೆಯ ದೀಪ ಹಸಿರಾಯಿತು. ಹೊಸದಾಗಿ ಕೂರಿಸಿದ ನಾಲ್ಕನೇ ಗಾಳಿ ಜರಡಿಯ ಫಲವದು ಎಂದು ಗಲಗಲಿಯವರು ವರದಿ ಬರೆದರು.

ಎರಡು ತಿಂಗಳ ಮೇಲೆ ಹನ್ನೊಂದನೆಯ ದೀಪ ಕೆಂಪಗೆ ಹತ್ತಿತು. ಅದೇ ವಾರ ಒಂದು ಬೆಳಿಗ್ಗೆ ಯಮನೂರಪ್ಪ ಗಾಜಿಗೆ ಹಣೆ ಒತ್ತಿ ನಿಂತಿದ್ದಾಗ, ಆಚೆಯ ಪಡಸಾಲೆಯಲ್ಲಿ ಒಂದು ಗಾಲಿ ಕುರ್ಚಿ ಹಾದುಹೋಯಿತು. ಕುರ್ಚಿಯಲ್ಲಿದ್ದವಳು ಕೈ ಎತ್ತಿದಳು. ಬಾಯಲ್ಲಿ "ಕಾಕಾ" ಎಂದದ್ದು ಕೇಳಿಸಲಿಲ್ಲ, ಕಾಣಿಸಿತು. ಕೆನ್ನೆ ಒಳಗೆ ಹೋಗಿ, ಕಣ್ಣು ಹಳದಿಯಾಗಿ, ರೇಷ್ಮಾ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಲಿವರಿನಲ್ಲಿ ಗಡ್ಡೆ. ಮಾತಾಡದ ಆ ಹುಡುಗ ಅವತ್ತು ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಅದನ್ನು, ಹನ್ನೊಂದನೆಯ ದೀಪ ಅವಳದೆಂಬುದನ್ನು.

ಇವನ ಬಿಳಿಕಣವನ್ನು ಅವಳಿಗೆ ಎರಡು ಸಲ ಏರಿಸಿದರು. ದೀಪ ಕೆಂಪಾಗಿಯೇ ಇತ್ತು. ಐದು ವಾರ ಯಮನೂರಪ್ಪ ಆ ದೀಪವನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಆರುನೂರು ಚಿಲ್ಲರೆ ದಿನಗಳ ಒಂಟಿತನವನ್ನು ಅವನು ಸಹಿಸಿದ್ದು ತನ್ನ ರಕ್ತ ಯಾರಿಗೋ ಬೇಕು ಎಂಬ ಒಂದೇ ಹಮ್ಮಿನಲ್ಲಿ. ಆ ಯಾರೋ ರೇಷ್ಮಾ ಆದಾಗ ರಕ್ತ ಸಪ್ಪೆಯಾಗಿತ್ತು. ಅವನು ಊಟ ಬಿಟ್ಟ.

ಗಲಗಲಿಯವರು ತಾವೇ ಬಂದು ಗಾಜಿನ ಹೊರಗೆ ಕುರ್ಚಿ ಹಾಕಿ ಕೂತರು. "ಹಿಂಗ ಊಟ ಬಿಟ್ಟರ ಹೆಂಗ ಯಮನೂರಪ್ಪನವರ? ನಿಮ್ಮ ಕಣಗಳು ಯಾಕೋ ಮಂಕಾಗ್ಯಾವ. ವಯಸ್ಸಿನ ಪರಿಣಾಮ ಇರಬೇಕು."

"ಸಾಹೇಬ್ರ, ಒಂದು ಮಾತು ಕೇಳಲೇನ್ರಿ? ಒಬ್ಬ ಕಂಡಕ್ಟರನ್ನ ಎರಡು ವರ್ಷ ಖಾಲಿ ಗಾಡ್ಯಾಗ ಕುಂದ್ರಿಸಿದ್ರ ಅವ ಏನು ಮಾಡ್ತಾನ್ರಿ?"

"ಏನು ಮಾಡ್ತಾನ?"

"ನಿದ್ದಿ ಮಾಡ್ತಾನ್ರಿ. ನನ್ನ ಕಣಾನೂ ಅದನ್ನ ಮಾಡಾಕತ್ತಾವು. ಹತ್ತನೇ ದೀಪ ಯಾವಾಗ ಹಸರಾತು, ನಿಮ್ಮ ಪುಸ್ತಕ ತಗದು ನೋಡ್ರಿ. ನಾ ಟಿಕೀಟ್ ನೆಕ್ಕಿದ ವಾರ ತಗದ ರಕ್ತ ಅದು."

ಗಲಗಲಿಯವರು ಎದ್ದು ಹೋದರು. ಪ್ರಯೋಗಾಲಯದಲ್ಲಿ ಜಪ್ತಾದ ಕಟ್ಟನ್ನು ಅಲಮಾರಿನಿಂದ ತೆಗೆದರು. ಅವರ ಬೆರಳು ಅದನ್ನು ಮುಟ್ಟಲು ಹಿಂಜರಿಯಿತು. ಧೂಳನ್ನು ಕಣ ಸಾಕುವ ದ್ರವದಲ್ಲಿ ಕದಡಿ, ಯಮನೂರಪ್ಪನ ಬಿಳಿಕಣಗಳ ತಟ್ಟೆಗೆ ಹನಿಸಿ, ಮಗ್ಗುಲಿಗೆ ಕ್ಯಾನ್ಸರ್ ಕಣಗಳನ್ನು ಬಿಟ್ಟು ಕೂತರು. ಬೆಳಗಿನಿಂದ ಮಧ್ಯಾಹ್ನದ ತನಕ ಏನೂ ಇಲ್ಲ. ಮೂರು ಗಂಟೆಗೆ ಒಂದು ಬಿಳಿಕಣ ಮೈ ಚಾಚಿತು. ಕ್ಯಾನ್ಸರ್ ಕಣದ ಹತ್ತಿರ ಬಂತು, ಮುಟ್ಟಿತು, ಮುಂದೆ ಹೋಗಲಿಲ್ಲ. ಇನ್ನೆರಡು ಬಂದವು. ಸಂಜೆಯೊಳಗೆ ತಟ್ಟೆಯ ಒಂದು ಮೂಲೆಯಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಒಂದು ಮೂಲೆ ಮಾತ್ರ.

ಮರುದಿನ ಅವರು ಗಾಜಿನ ಮುಂದೆ ನಿಂತೇ ಮಾತಾಡಿದರು. "ನಂದು ತಪ್ಪಾತು. ಮಡಿ ಹೆಚ್ಚಾಗಿ ದೇವರಿಗೇ ಉಪವಾಸ ಕೆಡವಿದೆ. ಆದರ ಧೂಳು ಸಾಲಂಗಿಲ್ಲ ಯಮನೂರಪ್ಪನವರ. ನಿಮ್ಮ ಇಡೀ ಮೈ ಎಚ್ಚರಾಗಬೇಕು. ಮಂದಿ ಬೇಕು, ಭಾಳ ಮಂದಿ ಬೇಕು. ಇನ್ನೊಂದು ಅದ. ಎರಡು ವರ್ಷ ಏನೂ ಸೋಂಕದ ಮೈ ನಿಮ್ಮದು. ಬಂದ ಜ್ವರ ಎದಿಗೆ ಇಳೀತಂದ್ರ, ನಿಮ್ಮನ್ನ ಉಳಸಲಿಕ್ಕೆ ನನ್ನ ಕೈಲೆ ಆಗದ ಇರಬಹುದು."

"ಆ ಹುಡುಗಿಗೆ ಎಷ್ಟು ದಿನ ಐತ್ರಿ?"

"ಒಂದೂವರೆ ತಿಂಗಳು. ಹೆಚ್ಚಂದ್ರ ಎರಡು."

"ಹಂಗಾದ್ರ ಮಂದಿ ಕರಸ್ರಿ."

ಕರೆಸುವುದು ಎಂದರೇನು? ಗುಣವಾದ ಹತ್ತು ಮಂದಿಗೂ ಕೇಂದ್ರದಿಂದ ಪತ್ರ ಹೋಯಿತು. ನಾಲ್ವರು ಬರುತ್ತೇವೆಂದರು, ಉಳಿದವರಿಗೆ ಗುಂಪೆಂದರೆ ಕ್ಯಾನ್ಸರಿಗಿಂತ ಭಯ. ನಾಲ್ವರಿಂದ ಗರ್ದಿಯಾಗುವುದಿಲ್ಲ. ಸಂಜೆ ಐದಕ್ಕೆ ಯಮನೂರಪ್ಪ ಕಾಶವ್ವನಿಗೆ ಎಲ್ಲ ಹೇಳಿದ. ಜ್ವರ ಎದೆಗಿಳಿಯಬಹುದೆಂಬುದನ್ನೂ ಮುಚ್ಚಿಡಲಿಲ್ಲ. ರೊಟ್ಟಿಯ ಸದ್ದು ನಿಂತಿತು. ರೊಟ್ಟಿ ಸೀದ ಹೊಗೆ ಎದ್ದಿತು.

"ಎಷ್ಟ ಮಂದಿ ಬೇಕ್ರಿ?" ಎಂದಳು.

ಅವಳು ಬೆಟಗೇರಿಯ ನೇಕಾರ ಓಣಿಯ ಮನೆಮನೆ ಹತ್ತಿಳಿದಳು. ಯಾರನ್ನೂ ಬೇಡಿಕೊಳ್ಳಲಿಲ್ಲವಂತೆ. "ನನ್ನ ಗಂಡ ಇಪ್ಪತ್ತಾರು ವರ್ಷ ನಿಮ್ಮನ್ನ ಮೈಮ್ಯಾಲ ಹೊತ್ತಾನ. ಒಂದ ದಿನ ಬಂದು ಅವನ ಮೈಮ್ಯಾಲ ಬೀಳ್ರಿ" ಎಂದಳಂತೆ. ಹಳೆ ಸಾಮಾನಿನ ಅಂಗಳದಿಂದ ಒಂದು ಡೀಸೆಲ್ ಬಸ್ಸು, ಅದನ್ನು ಓಡಿಸಬಲ್ಲ ಒಬ್ಬ ಮುದುಕ ಡ್ರೈವರ್ ಸಿಕ್ಕರು. ಜೀವಮಾನದಲ್ಲಿ ಒಂದೂ ಕಾಯಿದೆ ಮುರಿಯದ ಗಲಗಲಿಯವರು, ಆ ಬಸ್ಸು 'ಚಲಿಸುವ ಪ್ರಯೋಗಾಲಯ' ಎಂದು ಅರ್ಜಿ ಬರೆದು ಪರವಾನಗಿ ತಂದರು.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯಮನೂರಪ್ಪ ಗಾಜಿನ ಕೋಣೆಯಿಂದ ಹೊರಗೆ ಬಂದ. ಬಿಸಿಲು ಕಣ್ಣಿಗೆ ಹೊಡೆಯಿತು. ಖಾಕಿ ಅಂಗಿ ಮೈಗೆ ದೊಗಳೆಯಾಗಿತ್ತು. ಅಂಗಳದಲ್ಲಿ ತೊಂಬತ್ತರ ಹತ್ತಿರ ಹತ್ತಿರ ಮಂದಿ, ಒಬ್ಬರಿಂದೊಬ್ಬರು ಎರಡು ತೋಳು ದೂರ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ನೆಟ್ಟ ಗಿಡದಂತೆ ನಿಂತಿದ್ದರು. ಬಸ್ಸು ಹತ್ತಿದ ಮೇಲೂ ಹಾಗೇ. ಮುಂದೆ ಹತ್ತು ಮಂದಿ, ನಡುವೆ ಖಾಲಿ, ಹಿಂದೆ ಹತ್ತು ಮಂದಿ. ಉಳಿದವರು ಇನ್ನೂ ಕೆಳಗೆ. ಗರ್ದಿ ಮಾಡುವುದು ಹೇಗೆಂದು ಒಬ್ಬರಿಗೂ ನೆನಪಿರಲಿಲ್ಲ.

ಯಮನೂರಪ್ಪ ಫುಟ್‌ಬೋರ್ಡಿನ ಮೇಲೆ ನಿಂತ. ಇಪ್ಪತ್ತು ವರ್ಷ ಕೂಗದ ಗಂಟಲು. ಮೊದಲ ಸಲ ಒಡೆದು ಹೋಯಿತು. ಎರಡನೆಯ ಸಲ ಬಂತು.

"ಮುಂದ ಸರೀರಿ! ಮುಂದ ಸರೀರಿ ಅಂದೆ! ಏ ಅಣ್ಣಾ, ಬಸ್ಸು ನಿಮ್ಮ ಮನಿ ಪಡಸಾಲಿ ಅಲ್ಲ, ಬಾಜೂದಾಕಿಗೆ ಜಾಗಾ ಕೊಡು! ಅವ್ವಾ, ಬುಟ್ಟಿ ಕಾಲಾಗ ಇಡು! ಹಿಂದಿನವರು ಏನ್ ನೋಡ್ತೀರಿ, ಒತ್ತರಿ!"

ಯಾರೋ ಒಬ್ಬ ಮುದುಕಿ ನಕ್ಕಳು. ಒಬ್ಬ ಸರಿದ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತ ಬಸ್ಸು ತುಂಬಿತು. "ರೈಟ್!" ಎಂದು ಸೀಟಿ ಊದಿದ. ಗಾಡಿ ಹೊರಟಿತು. ಗಲಗಲಿಯವರು ಬಾಗಿಲ ಕಂಬ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

ಅವನು ಹೆಬ್ಬೆರಳನ್ನು ನಾಲಿಗೆಗೊತ್ತಿ, ಗಲಗಲಿಯವರು ವಾಪಸು ಕೊಟ್ಟ ಕಟ್ಟಿನಿಂದ ಟಿಕೀಟು ಹರಿಯುತ್ತಾ ಒಬ್ಬೊಬ್ಬರ ಮೈ ಉಜ್ಜಿಕೊಂಡು ಹೋದ. ಗುಣವಾದ ನಾಲ್ವರಲ್ಲಿ ಒಬ್ಬ ಯುವಕ ಟಿಕೀಟು ತೆಗೆದುಕೊಂಡವನು ತನ್ನ ಭುಜವನ್ನು ಇವನ ಭುಜಕ್ಕೆ ಒತ್ತಿ ಹಾಗೇ ನಿಂತುಬಿಟ್ಟ. ಕಂಡಕ್ಟರನ ಸೀಟಿನಲ್ಲಿ ಕಾಶವ್ವ ಕೂತಿದ್ದಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನ ಬಸ್ಸು ಹತ್ತಿರಲಿಲ್ಲ. ಗಂಡನ ಕೈಯಲ್ಲಿ ಟಿಕೀಟು ತಗೊಂಡರೆ ಮಂದಿ ನಗುತ್ತಾರೆಂದು.

"ಎಲ್ಲೀಗೆ?" ಎಂದ ಅವನು.

"ನೀವು ಎಲ್ಲಿ ಇಳೀತೀರಿ, ಅಲ್ಲೀಗೆ" ಎಂದಳು.

ಅಣ್ಣಿಗೇರಿಯ ಹತ್ತಿರ ರಸ್ತೆಯ ಉಬ್ಬಿಗೆ ಗಾಡಿ ಎಗರಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಯಮನೂರಪ್ಪನ ಪಕ್ಕೆಗೆ ಯಾರದೋ ಮೊಣಕೈ ಜೋರಾಗಿ ತಿವಿಯಿತು. ಅವನ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಹಿಂದಿನಿಂದ ಯಾರೋ ಸೀನಿದರು. ಇಡೀ ಬಸ್ಸು ಉಸಿರು ಬಿಗಿಹಿಡಿಯಿತು. "ಇನ್ನೊಮ್ಮೆ ಸೀನಪಾ, ಒಂಟಿ ಸೀನು ಛಲೋ ಅಲ್ಲ" ಎಂದ ಯಮನೂರಪ್ಪ. ನಗೆ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಹಾದು ಡ್ರೈವರನ ತನಕ ಹೋಯಿತು.

ಸಂಜೆ ಬಸ್ಸಿಳಿದಾಗ ಕಟ್ಟಿನಲ್ಲಿ ಒಂದೇ ಟಿಕೀಟು ಉಳಿದಿತ್ತು. ಅವನು ಅದರ ಮೇಲೆ ತಾರೀಖು ಬರೆದು, ಮಾತಾಡದ ಹುಡುಗನ ಕೈಯಲ್ಲಿ ರೇಷ್ಮಾಳಿಗೆ ಕಳಿಸಿದ.

ಮೂರನೆಯ ದಿನ ಮೈ ಬೆಚ್ಚಗಾಯಿತು. ಐದನೆಯ ದಿನ ಜ್ವರ ನೂರಮೂರು. ಏಳನೆಯ ದಿನ ರಕ್ತ ತೆಗೆದರು. ಗಲಗಲಿಯವರು ಪರದೆಯನ್ನು ಗಾಜಿಗೆ ಒರಗಿಸಿ ತೋರಿಸಿದರು. ಅವನ ಕಣಗಳು ತಟ್ಟೆಯ ತುಂಬ ಓಡಾಡಿ ಸಿಕ್ಕಸಿಕ್ಕವರನ್ನು ಮುಟ್ಟಿ, ಅಳ್ಳಾಡಿಸಿ, ಕೇಳುತ್ತಿದ್ದವು. ನೋಡಿ ಖುಷಿಪಡಲು ಅವನಿಗೆ ಎಚ್ಚರವಿರಲಿಲ್ಲ. ಅದೇ ದಿನ ಅವು ರೇಷ್ಮಾಳ ಮೈಗೆ ಹೋದವು. ಇವನ ಜ್ವರ ಎದೆಗಿಳಿಯಿತು.

ಆಮೇಲಿನ ಹನ್ನೆರಡು ದಿನ ಅವನು ಮತ್ತೆ ಗಾಜಿನೊಳಗೆ ಒಬ್ಬನೇ. ಉಸಿರು ಎಳೆದರೆ ಎದೆಯಲ್ಲಿ ಗರಗಸ ಆಡಿದಂತಾಗುತ್ತಿತ್ತು. ಬಂದ ಮಂದಿಯೆಲ್ಲ ತಮ್ಮ ತಮ್ಮ ಮನೆಗೆ ಹೋಗಿದ್ದರು. ಅವರ ಮುಖ ಒಂದೂ ನೆನಪಾಗುತ್ತಿರಲಿಲ್ಲ, ಭುಜ ಮಾತ್ರ ನೆನಪಾಗುತ್ತಿತ್ತು. ಸತ್ತರೆ ಹೀಗೆ ಒಬ್ಬನೇ ಸಾಯಬೇಕಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಪರದೆಯಲ್ಲಿ ಕಾಶವ್ವ ಐದಕ್ಕೆ ಬಂದವಳು ಹೋಗುತ್ತಲೇ ಇರಲಿಲ್ಲ. ರೊಟ್ಟಿ ಬಡಿಯುತ್ತಲೇ ಇದ್ದಳು. ಅಷ್ಟು ರೊಟ್ಟಿ ಯಾರು ತಿನ್ನುತ್ತಾರೋ ದೇವರೇ ಬಲ್ಲ. ಅವನು ಆ ಸದ್ದನ್ನು ಹಿಡಿದುಕೊಂಡು ಮಲಗಿದ್ದ. ಕಣ್ಣು ತೆರೆದಾಗಲೆಲ್ಲ ಹನ್ನೊಂದನೆಯ ದೀಪ ಕೆಂಪಗಿತ್ತು.

ಹದಿಮೂರನೆಯ ದಿನ ಬೆವತು ಜ್ವರ ಬಿಟ್ಟಿತು. ಆಮೇಲೊಂದು ವಾರ ಬರೀ ನಿದ್ದೆ. ಎಚ್ಚರಾದಾಗ ಬೆಳಗಿನ ಹೊತ್ತು. ದೀಪ ನೋಡಲು ತಲೆ ಹೊರಳಿಸಿದ. ಗಾಜಿನ ಆಚೆ ಯಾರೋ ನಿಂತು ದೀಪವನ್ನು ಮರೆ ಮಾಡಿದ್ದರು. ಕಿಂಡಿ ಕಿರುಗುಟ್ಟಿತು. ಒಂದು ಬಾಗಿಲು ತೆರೆಯಿತು, ಅದು ಮುಚ್ಚುವ ಮೊದಲೇ ಇನ್ನೊಂದೂ ತೆರೆಯಿತು. ಅವುಗಳ ನಡುವಿನ ಕೊಂಡಿಯನ್ನು ಗಲಗಲಿಯವರು ಹಿಂದಿನ ದಿನವೇ ಬಿಚ್ಚಿಸಿದ್ದರು. ಒಳಗೆ ಒಂದು ಕೈ ಬಂತು. ಗವಸಿಲ್ಲದ ಕೈ, ತೆಳ್ಳಗೆ, ಸೂಜಿಯ ಗುರುತು ತುಂಬಿದ್ದು. ಬೆರಳುಗಳ ನಡುವೆ ಮುದುರಿದ ಒಂದು ಟಿಕೀಟು.

"ಕಾಕಾ, ಇದು ಇನ್ನೂ ನಡೀತೈತೇನ್ರಿ?"

ಯಮನೂರಪ್ಪ ಗೋಡೆ ಹಿಡಿದು ಎದ್ದ. ನಾಲ್ಕು ಹೆಜ್ಜೆಗೆ ಎರಡು ಸಲ ನಿಂತ. ಕಿಂಡಿಯ ಹತ್ತಿರ ಬಂದು ಟಿಕೀಟನ್ನು ಬೆಳಕಿಗೆ ಹಿಡಿದು ನೋಡಿದ. ಕಂಡಕ್ಟರನ ಮುಖ ಮಾಡಿಕೊಂಡ.

"ತಾರೀಖು ದಾಟೇತಿ" ಎಂದ.

ಆಚೆ ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಕೈ ಮಾತ್ರ ಹಿಂದಕ್ಕೆ ಹೋಗಲಿಲ್ಲ.

"ಮತ್ತ ಸೀಟೂ ಇಲ್ಲ ತಂಗಿ. ನಿಂತು ಬರ್ತೀಯೇನು?"

"ಬರ್ತೀನ್ರಿ ಕಾಕಾ" ಎಂದಳು ಮೂರು ತಿಂಗಳು ಗಾಲಿ ಕುರ್ಚಿ ಬಿಟ್ಟೇಳದಿದ್ದ ಹುಡುಗಿ. "ನೋಡ್ರಿ, ನಿಂತೀನಿ."

ಅವನು ಟಿಕೀಟು ಬಿಟ್ಟು ಆ ಕೈ ಹಿಡಿದುಕೊಂಡ. ಅದು ಬೆಚ್ಚಗಿತ್ತು, ಸ್ವಲ್ಪ ಬೆವತಿತ್ತು. ಅವನು ಬಹಳ ಹೊತ್ತು ಬಿಡಲಿಲ್ಲ.